ಹಾಸಿಗೆ ಸಾಹುಕಾರರ ಬಹುಮತ

ಮೆಂಬರುಗಳನ್ನು ಲಾಡ್ಜಿನಲ್ಲಿ ಬಚ್ಚಿಡುವ ರಾಜಕಾರಣಿಗಳನ್ನು ಕಂಡರೆ ಹಾಸಿಗೆ ಸಾಹುಕಾರರಿಗೆ ಮೊದಲಿನಿಂದಲೂ ಮೈ ಉರಿಯುತ್ತಿತ್ತು. ಬಚ್ಚಿಡಬೇಕು, ಸರಿ. ಎದುರು ಗುಂಪಿನವರು ಹಾರಿಸಿಕೊಂಡು ಹೋಗದ ಹಾಗೆ ಕಾಯಬೇಕು, ಅದೂ ಸರಿ. ಆದರೆ ಅದಕ್ಕೆ ಬೆಟ್ಟದ ಮೇಲಿನ ಲಾಡ್ಜೇ ಯಾಕಾಗಬೇಕು? ಮನೆಯಿಲ್ಲವೆ? ಮನೆಯಲ್ಲಿ ಹಾಲ್ ಇಲ್ಲವೆ? ಹಾಲಿನಲ್ಲಿ ಹಾಸುವುದಕ್ಕೆ (ಇಲ್ಲಿಗೆ ಬರುವಾಗ ಸಾಹುಕಾರರ ಎದೆ ತಾನಾಗಿಯೇ ಉಬ್ಬುತ್ತಿತ್ತು) ಹಾಸಿಗೆಯಿಲ್ಲವೆ? ಅಂಗಡಿ ತುಂಬ ಹಾಸಿಗೆ! ಹತ್ತಿಯದು, ನಾರಿನದು, ಸ್ಪ್ರಿಂಗಿನದು, ಡಾಕ್ಟರು ಬರೆದುಕೊಟ್ಟವರಿಗೆಂದೇ ಹಲಗೆಯಂಥದ್ದು.

“ಇಡೀ ಊರನ್ನು ಮಲಗಿಸೋನು ನಾನು. ನಾಲ್ಕು ಜನ ಮೆಂಬರುಗಳನ್ನು ಮಲಗಿಸೋಕೆ ಲಾಡ್ಜಿನವನ ಹತ್ರ ಹೋಗ್ಲಾ? ಸಾಧ್ಯವೇ ಇಲ್ಲ!” ಎಂದು ಸಾಹುಕಾರರು ಅಂಗಡಿಯಲ್ಲಿ ಕೂತು ಪಕ್ಕದಲ್ಲಿದ್ದ ದಿಂಬಿಗೆ ಒಂದು ಗುದ್ದು ಗುದ್ದಿದರು. ದಿಂಬು ಒಳ್ಳೆಯ ಮಾಲು. ಒಳಗೆ ಹೋಗಿ ಮತ್ತೆ ಮೇಲೆ ಬಂತು.

(ಇಂಥ ಉಜ್ವಲ ಯೋಚನೆ ಹೊಳೆದ ಸಾಹುಕಾರರಿಗೆ, ಇದನ್ನು ಮೊದಲು ಹೆಂಡತಿಯ ಕಿವಿಗೆ ಹಾಕಬೇಕೆಂಬ ಯೋಚನೆ ಮಾತ್ರ ಹೊಳೆಯಲಿಲ್ಲ. ಎರಡೆರಡು ಯೋಚನೆ ಒಟ್ಟಿಗೆ ಹೊಳೆಯುವಷ್ಟು ದೊಡ್ಡ ರಾಜಕಾರಣಿ ಅವರಿನ್ನೂ ಆಗಿರಲಿಲ್ಲ.)

ಸಾಹುಕಾರರು ರಾಜಕೀಯಕ್ಕೆ ಬಂದದ್ದು ಜನಸೇವೆಯ ಹಂಬಲದಿಂದಲ್ಲ, ಒಂದು ಮಾತಿನ ಸಿಟ್ಟಿನಿಂದ. ಆಗ ಪುರಸಭೆಯ ಅಧ್ಯಕ್ಷನಾಗಿದ್ದವನು ಜಲ್ಲಿ ಕಾಂಟ್ರಾಕ್ಟರ್. ಊರಿನವರು ಅವನನ್ನು ಜಲ್ಲಿ ದೊರೆ ಎಂದು ಕರೆಯುತ್ತಿದ್ದರು, ಯಾಕೆಂದರೆ ಅವನು ಹಾಕಿಸಿದ ರಸ್ತೆಗಳಲ್ಲಿ ಜಲ್ಲಿ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಪೈಪು ಹಾಕುತ್ತೇವೆಂದು ದೊರೆಯ ಕಡೆಯವರು ಸಾಹುಕಾರರ ಅಂಗಡಿಯ ಮುಂದೆ ಉದ್ದಕ್ಕೆ ಗುಂಡಿ ತೋಡಿದರು. ಪೈಪೂ ಬರಲಿಲ್ಲ, ಮಣ್ಣೂ ಬೀಳಲಿಲ್ಲ. ಗಿರಾಕಿಗಳು ಹಲಗೆಯ ಮೇಲೆ ಸರ್ಕಸ್ ಮಾಡುತ್ತ ಅಂಗಡಿಗೆ ಬರಬೇಕಾಯಿತು. ಹೊಸದಾಗಿ ಮದುವೆಯಾದ ಹುಡುಗನೊಬ್ಬ ಜೋಡಿ ಹಾಸಿಗೆ ಕೊಂಡು, ಅದನ್ನು ತಲೆಯ ಮೇಲೆ ಹೊತ್ತುಕೊಂಡು ಹಲಗೆ ದಾಟುವಾಗ, ಹಾಸಿಗೆಯ ಸಮೇತ ಗುಂಡಿಗೆ ಇಳಿದ. ಹಾಸಿಗೆ ಕೆಳಗೆ ಬಿದ್ದದ್ದರಿಂದ ಹುಡುಗನಿಗೆ ಪೆಟ್ಟಾಗಲಿಲ್ಲ. ಹುಡುಗ ಮೇಲೆ ಬಿದ್ದದ್ದರಿಂದ ಹಾಸಿಗೆ ಉಳಿಯಲಿಲ್ಲ.

ಸಾಹುಕಾರರು ಕೆಸರು ಮೆತ್ತಿದ ದಿಂಬನ್ನು ಸಾಕ್ಷಿಗೆ ಹಿಡಿದುಕೊಂಡು ಪುರಸಭೆಗೆ ಹೋದರು. ದೊರೆ ಅವರನ್ನು ಬೆಳಗಿನಿಂದ ಊಟದ ಹೊತ್ತಿನವರೆಗೆ ಹೊರಗಿನ ಬೆಂಚಿನ ಮೇಲೆ ಕೂರಿಸಿ, ಆಮೇಲೆ ಒಳಗೆ ಕರೆದು, ದಿಂಬನ್ನೂ ಅವರನ್ನೂ ಒಂದೇ ರೀತಿ ನೋಡಿ ಹೇಳಿದ: “ಸಾಹುಕಾರ್ರೇ, ನಿಮ್ಮದು ಮಲಗೋ ವ್ಯಾಪಾರ. ಸುಮ್ನೆ ಹೋಗಿ ಮಲಗಿ. ಎಚ್ಚರವಾಗಿರೋ ಕೆಲಸ ನಮಗೆ ಬಿಡಿ.”

ಮನೆಗೆ ಬಂದ ಸಾಹುಕಾರರು ಚಪ್ಪಲಿ ಬಿಡುವುದನ್ನೂ ಮರೆತು ನಿಂತಿದ್ದರು. ಹೆಂಡತಿ ನಡೆದದ್ದನ್ನೆಲ್ಲ ಕೇಳಿ, “ಹಾಗಂದನಾ? ನಿಂತುಬಿಡಿ ಚುನಾವಣೆಗೆ,” ಎಂದಳು. ಅಷ್ಟೇ ಅಲ್ಲ, “ಇಷ್ಟು ವರ್ಷ ಮಲಗಿಸಿದೆ, ಇನ್ನು ಎಬ್ಬಿಸುತ್ತೇನೆ!” ಎಂಬ ಘೋಷಣೆಯನ್ನೂ ಆಕೆಯೇ ಒಲೆಯ ಮುಂದೆ ನಿಂತು ಕಟ್ಟಿಕೊಟ್ಟಳು. (ಇದು ತನ್ನದೇ ಎಂದು ಸಾಹುಕಾರರು ಹೇಳಿಕೊಂಡು ತಿರುಗಿದರು. ಆಕೆ ತಕರಾರು ಮಾಡಲಿಲ್ಲ.) ಊರಿನವರು ನಕ್ಕರು, ನಗುತ್ತಲೇ ಓಟು ಹಾಕಿದರು. ಸಾಹುಕಾರರು ಗೆದ್ದರು.

ಪುರಸಭೆಯಲ್ಲಿ ಒಟ್ಟು ಒಂಬತ್ತು ಮೆಂಬರುಗಳು. ದೊರೆಯೂ ಗೆದ್ದಿದ್ದ, ಅವನ ಕಡೆ ಅವನೂ ಸೇರಿ ನಾಲ್ವರು. ದೊರೆಯನ್ನು ಕಂಡರಾಗದವರು ಸಾಹುಕಾರರೂ ಸೇರಿ ಐವರು. ಒಬ್ಬರೇ ಒಬ್ಬರು ಆಚೆ ಜಾರಿದರೂ ಮುಗಿಯಿತು, ದೊರೆಯೇ ಮತ್ತೆ ಅಧ್ಯಕ್ಷ. ಅಧ್ಯಕ್ಷರ ಆಯ್ಕೆಗೆ ಇನ್ನು ನಾಲ್ಕು ದಿನವಿತ್ತು. ಆದ್ದರಿಂದ ಬಚ್ಚಿಡುವುದು, ಆದ್ದರಿಂದ ಹಾಸಿಗೆ.

ಆ ಸಂಜೆ ಸಾಹುಕಾರರ ಮನೆಯ ಮುಂದೆ ಒಂದು ಐತಿಹಾಸಿಕ ಮೆರವಣಿಗೆ ಬಂದು ನಿಂತಿತು. ಮುಂದೆ ಹಾಸಿಗೆ ಹೇರಿದ ಗಾಡಿ, ಹಿಂದೆ ಸಾಹುಕಾರರು, ಅವರ ಹಿಂದೆ ಕೈಚೀಲ ಹಿಡಿದ ನಾಲ್ವರು. ನಿವೃತ್ತ ಮೇಷ್ಟ್ರು, ಪೇಪರನ್ನು ಜೋರಾಗಿ ಓದದೆ ಅವರಿಗೆ ಅರ್ಥವೇ ಆಗುತ್ತಿರಲಿಲ್ಲ. ಬೇಕರಿಯವರು, ಆಳು ಬಾಗಿಲು ತುಂಬುವಷ್ಟಿದ್ದರೂ ಮಾತು ಚಮಚದಷ್ಟು. ಔಷಧಿ ಅಂಗಡಿಯವರು, ನೀವು ಆಕಳಿಸಿದರೂ ಅದಕ್ಕೊಂದು ಮಾತ್ರೆಯ ಹೆಸರು ಹೇಳುವವರು. ಕೊನೆಗೆ ಟೈಲರಮ್ಮ, ಕೊರಳಲ್ಲಿ ಅಳತೆ ಟೇಪು, ಬಾಯಲ್ಲಿ ಕತ್ತರಿ.

ಒಣಗಿದ ಬಟ್ಟೆ ಮಡಚುತ್ತಿದ್ದ ಹೆಂಡತಿ ಎದ್ದು ಬಂದಳು.

“ಯಾರ್ರೀ ಇವರೆಲ್ಲ?”

“ಬಹುಮತ,” ಎಂದರು ಸಾಹುಕಾರರು.

“ಎಷ್ಟು ದಿನ ಇರುತ್ತೆ ಈ ಬಹುಮತ?”

“ಅಧ್ಯಕ್ಷರ ಆಯ್ಕೆ ಆಗೋವರೆಗೆ. ನಾಲ್ಕೇ ದಿನ.”

“ಊಟ?”

“ಇಲ್ಲೇ.”

“ಸ್ನಾನ?”

“ಇಲ್ಲೇ.”

“ಇರೋದು ಒಂದು ಬಚ್ಚಲು. ನನ್ನನ್ನ ಒಂದು ಮಾತು ಕೇಳಿದ್ರಾ?”

“ಈಗ ಹೇಳ್ತಿದೀನಲ್ಲ.”

“ಅದು ಹೇಳೋದು. ನಾನಂದಿದ್ದು ಕೇಳೋದು.”

ಸಾಹುಕಾರರು ದನಿ ತಗ್ಗಿಸಿದರು. “ಲೇ, ಮರ್ಯಾದೆ ಪ್ರಶ್ನೆ ಕಣೇ. ಆ ದೊರೆ ಮುಂದೆ ನಾನು ಸೋಲಬೇಕಾ?”

ಆಕೆ ಗಂಡನನ್ನು ನೋಡಿದಳು, ಬಾಗಿಲಲ್ಲಿ ಕೈಚೀಲ ಹಿಡಿದು ತಲೆ ತಗ್ಗಿಸಿ ನಿಂತ ನಾಲ್ವರನ್ನೂ ನೋಡಿದಳು. “ದೊರೆಗೋಸ್ಕರ ಒಳಗೆ ಬಿಡ್ತಿದೀನಿ. ನಿಮಗೋಸ್ಕರ ಅಲ್ಲ,” ಎಂದು ದಾರಿ ಬಿಟ್ಟಳು.

ಸಾಹುಕಾರರು ಮೊದಲು ನಾಲ್ವರ ಮೊಬೈಲುಗಳನ್ನೂ ಆರಿಸಿ ಬೀರುವಿನೊಳಗಿಟ್ಟು ಬೀಗ ಹಾಕಿದರು. ಆಮೇಲೆ ಗೇಟಿಗೆ ಬೀಗ ಹಾಕಿದರು. ಆಮೇಲೆ ಹಾಲಿನಲ್ಲಿ ಮೂರು, ಟೈಲರಮ್ಮನಿಗೆ ಒಳಕೋಣೆಯಲ್ಲಿ ಒಂದು, ಹೀಗೆ ಹಾಸಿಗೆ ಹಾಸಿಸಿದರು. ಮೇಷ್ಟ್ರು ಕೂತು ನೋಡಿ, “ಏನೋ ಸದ್ದಾಗುತ್ತಲ್ಲ?” ಎಂದರು.

“ಪ್ಲಾಸ್ಟಿಕ್ ಕವರು ಮೇಷ್ಟ್ರೇ. ಅದನ್ನ ಮಾತ್ರ ತೆಗೀಬೇಡಿ. ಆಯ್ಕೆ ಮುಗಿದ ಮೇಲೆ ಹಾಸಿಗೆ ಅಂಗಡಿಗೆ ವಾಪಸ್ ಹೋಗ್ಬೇಕು.”

ಆ ರಾತ್ರಿಯ ಬಗ್ಗೆ ಹೆಚ್ಚು ಹೇಳುವುದು ಬೇಡ. ಬೇಕರಿಯವರು ಒಂದು ಸಲ ಮಗ್ಗುಲು ಬದಲಿಸಿದರೆ ಇಡೀ ಮನೆಗೆ ಚರಪರ ಎಂದು ಕೇಳುತ್ತಿತ್ತು. ಆ ಸದ್ದಿಗೆ ಎಚ್ಚರವಾಗಿ ಮೇಷ್ಟ್ರು ಹೊರಳುತ್ತಿದ್ದರು, ಅವರ ಸದ್ದಿಗೆ ಔಷಧಿಯವರು. ಬೆವರಿಗೆ ಬೆನ್ನು ಪ್ಲಾಸ್ಟಿಕ್ಕಿಗೆ ಅಂಟಿಕೊಂಡು, ಎದ್ದು ಕೂರುವುದೆಂದರೆ ಲಕೋಟೆಯಿಂದ ಸ್ಟಾಂಪು ಕಿತ್ತ ಹಾಗಾಗುತ್ತಿತ್ತು. ಬೆಳಿಗ್ಗೆ ನಾಲ್ವರ ಕಣ್ಣೂ ಕೆಂಪು. ಹೆಂಡತಿಯ ಕಣ್ಣೂ ಕೆಂಪು. ಹಳೆಯ ಹತ್ತಿ ಹಾಸಿಗೆಯಲ್ಲಿ, ಕವರಿಲ್ಲದೆ, ಸುಖವಾಗಿ ಮಲಗಿ ಎದ್ದ ಸಾಹುಕಾರರು ಮಾತ್ರ ಚಹಾ ಲೋಟ ಹಿಡಿದು ಭಾಷಣಕ್ಕೆ ನಿಂತರು.

“ಬಂಧುಗಳೇ! ನಾನು ಅಧ್ಯಕ್ಷನಾದ ಮೊದಲ ದಿನವೇ…”

“ಸಾಹುಕಾರ್ರೇ, ಅದೇ ವಿಷಯ ಒಂದು ಮಾತು…” ಎಂದು ಮೇಷ್ಟ್ರು ಶುರುಮಾಡಿದರು.

“ಆಮೇಲೆ ಮೇಷ್ಟ್ರೇ, ಆಮೇಲೆ! ಎರಡನೇ ದಿನ ಏನು ಮಾಡ್ತೀನಿ ಗೊತ್ತಾ?”

ಐದನೇ ದಿನದವರೆಗಿನ ಯೋಜನೆ ಹೇಳುವಷ್ಟರಲ್ಲಿ ಅಂಗಡಿ ತೆರೆಯುವ ಹೊತ್ತಾಯಿತು. ಸಾಹುಕಾರರು ಮಾಮೂಲಿನಂತೆ ಅಂಗಡಿಗೆ ಹೋಗಲೇಬೇಕಿತ್ತು, ಇಲ್ಲದಿದ್ದರೆ ದೊರೆಗೆ ಅನುಮಾನ ಬರುತ್ತದೆ. ಗೇಟಿನ ಬೀಗದ ಕೈಯನ್ನು ಹೆಂಡತಿಗೆ ಕೊಟ್ಟು, “ಪ್ರಾಣ ಹೋದ್ರೂ ಬೀಗ ತೆಗೀಬೇಡ,” ಎಂದು ಆಜ್ಞಾಪಿಸಿ ಹೊರಟರು.

ಅವರು ಹೋದ ಸ್ವಲ್ಪ ಹೊತ್ತಿಗೇ ದೊರೆಯ ಜೀಪು ಬಂದು ಗೇಟಿನ ಮುಂದೆ ನಿಂತಿತು. ದೊರೆಯ ಕೈಯಲ್ಲಿ ಹಣ್ಣಿನ ಬುಟ್ಟಿ, ಮುಖದಲ್ಲಿ ಅದಕ್ಕಿಂತ ಹಣ್ಣಾದ ನಗು.

“ಅಮ್ಮಾ, ಸಾಹುಕಾರ್ರು ಇದ್ದಾರಾ?”

“ಅಂಗಡೀಲಿದ್ದಾರೆ.”

“ಒಳಗೆ ಯಾರೋ ಇದ್ದ ಹಾಗಿದೆಯಲ್ಲ?”

“ಯಾರೂ ಇಲ್ಲ. ಹಾಸಿಗೆ ಸ್ಟಾಕು.”

ಅಷ್ಟರಲ್ಲಿ ಒಳಗೆ ಮೇಷ್ಟ್ರು ಕೆಮ್ಮಿದರು. ದೊರೆ ಕತ್ತು ಉದ್ದ ಮಾಡಿದ. “ನಿಮ್ಮ ಹಾಸಿಗೆ ಕೆಮ್ಮುತ್ತಾಮ್ಮ?”

“ಹಳೇ ಹತ್ತಿ. ಧೂಳು ಜಾಸ್ತಿ.”

“ಪೇಪರೂ ಓದ್ತಾ ಇತ್ತು, ಈಗಷ್ಟೇ.”

“ಓದಿದ್ರೆ ನಿಮಗೇನು? ನಿಮ್ಮ ರಸ್ತೆ ನಡೆಯೋಕೂ ಬರಲ್ಲ, ನಮ್ಮ ಹಾಸಿಗೆ ಓದಾದ್ರೂ ಓದುತ್ತೆ. ಬುಟ್ಟಿ ತಗೊಂಡು ಹೋಗಿ.”

ದೊರೆ ನಗುವನ್ನು ಮಡಚಿಟ್ಟುಕೊಂಡ. “ಅಮ್ಮಾ, ನಾನು ಯಾರು ಅಂತ ಗೊತ್ತು ತಾನೆ?”

“ಚೆನ್ನಾಗಿ ಗೊತ್ತು. ಅದಕ್ಕೇ ಬೀಗ ತೆಗೀತಿಲ್ಲ,” ಎಂದು ಆಕೆ ಅವನ ಮುಂದೆಯೇ ಬೀಗವನ್ನು ಇನ್ನೊಮ್ಮೆ ಜಗ್ಗಿ ನೋಡಿ ಒಳಗೆ ಹೋದಳು. ಕಿಟಕಿಯ ಪರದೆಯ ಹಿಂದೆ ನಿಂತು ಕೇಳುತ್ತಿದ್ದ ಬಹುಮತ ಚಪ್ಪಾಳೆ ತಟ್ಟಿತು.

ಚಪ್ಪಾಳೆಯಿಂದ ಪಾತ್ರೆ ತೊಳೆದ ಹಾಗಾಗಲಿಲ್ಲ. ರಾತ್ರಿಯ ಪಾತ್ರೆ, ಬೆಳಗಿನ ಪಾತ್ರೆ, ಮಧ್ಯಾಹ್ನದ ಅಡುಗೆ, ಎಲ್ಲ ಒಟ್ಟಿಗೆ ಅವಳ ಮುಂದೆ ಬಿದ್ದಿದ್ದವು. ನಿದ್ದೆಯಿಲ್ಲದ ತಲೆ ಸಿಡಿಯುತ್ತಿತ್ತು. ಆಕೆ ಸೌಟನ್ನು ಟಣ್ ಎಂದು ಕಟ್ಟೆಯ ಮೇಲಿಟ್ಟು, ಹಾಲಿಗೆ ಬಂದು, ಇದ್ದ ಒಂದೇ ಈಸಿಚೇರಿನಲ್ಲಿ ಕಾಲು ಚಾಚಿ ಕೂತು ಘೋಷಿಸಿದಳು: “ನಾನು ಇವತ್ತಿನಿಂದ ಏನೂ ಮಾಡಲ್ಲ. ಊರು ಆಳೋಕೆ ಹೊರಟವರು ಮೊದಲು ಈ ಅಡುಗೆಮನೆ ಆಳಿ ತೋರಿಸಿ.”

ಔಷಧಿಯವರು ತಲೆನೋವಿನ ಮಾತ್ರೆಯ ಹೆಸರು ಹೇಳಲು ಬಾಯಿ ತೆರೆದು, ಆಕೆಯ ಮುಖ ನೋಡಿ ಮುಚ್ಚಿಕೊಂಡರು.

ಎದ್ದವರು ಟೈಲರಮ್ಮ. “ಅಕ್ಕ ಹೇಳೋದು ಸರಿ. ಬೇಕರಿಯಣ್ಣ, ಹಿಟ್ಟು ನಿಮ್ಮದು. ಮೇಷ್ಟ್ರೇ, ನೀವು ಹುರುಳಿಕಾಯಿ ಬಿಡಿಸ್ಕೊಂಡೇ ಪೇಪರ್ ಓದಿ, ಬಾಯಿ ಬೇರೆ ಕೈ ಬೇರೆ. ಔಷಧಿಯವರೇ, ಬಾಟ್ಲಿ ತೊಳೆದು ಅಭ್ಯಾಸ ಇರುತ್ತೆ, ಪಾತ್ರೆ ನಿಮಗೆ. ಬಚ್ಚಲಿಗೆ ಮೊದಲು ಅಕ್ಕ, ಆಮೇಲೆ ನಾನು, ಆಮೇಲೆ ವಯಸ್ಸಿನ ಪ್ರಕಾರ. ಜಗಳ ಇದ್ದೋರು ಈಗಲೇ ಆಡಿಬಿಡಿ.” ಯಾರೂ ಆಡಲಿಲ್ಲ. ಆಮೇಲೆ ಟೈಲರಮ್ಮ ಕೈಚೀಲದಿಂದ ಕತ್ತರಿ ತೆಗೆದು, ಒಂದೊಂದೇ ಹಾಸಿಗೆಯ ಹತ್ತಿರ ಹೋಗಿ, ಪ್ಲಾಸ್ಟಿಕ್ ಕವರನ್ನು ತಲೆಯಿಂದ ಕಾಲಿನವರೆಗೆ ಸರ್‍ರನೆ ಸೀಳಿ ಹಾಕಿದರು. ನಾಲ್ಕನೆಯ ಕವರು ಸೀಳುವಾಗ ಬೇಕರಿಯವರ ಕಣ್ಣಲ್ಲಿ ನೀರು ಬಂದಿತ್ತೆಂದು ಮೇಷ್ಟ್ರು ಈಗಲೂ ಹೇಳುತ್ತಾರೆ.

ಸಂಜೆ ಸಾಹುಕಾರರು ಬಂದು ನೋಡುತ್ತಾರೆ, ಮನೆ ಗುರುತೇ ಸಿಗುತ್ತಿಲ್ಲ. ಹಿಟ್ಟು ನಾದುವ ಬೇಕರಿಯವರು ಮೆಲ್ಲಗೆ ಹಾಡುತ್ತಿದ್ದಾರೆ. ಔಷಧಿಯವರು ತೊಳೆದ ಲೋಟಗಳನ್ನು ಬೆಳಕಿಗೆ ಹಿಡಿದು ಪರೀಕ್ಷಿಸುತ್ತಿದ್ದಾರೆ. ಪ್ಲಾಸ್ಟಿಕ್ ಕವರುಗಳು ಮೂಲೆಯಲ್ಲಿ ಹೆಣದಂತೆ ಬಿದ್ದಿವೆ. ಎಲ್ಲಕ್ಕಿಂತ ಭಯಂಕರ ದೃಶ್ಯವೆಂದರೆ, ಹೆಂಡತಿ ಈಸಿಚೇರಿನಲ್ಲಿ ಒರಗಿಕೊಂಡು ಕುಕ್ಕರಿನಲ್ಲಿ ಬೆಂದ ಬಿಸಿ ಬ್ರೆಡ್ಡನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದಾಳೆ. ಮದುವೆಯಾದಾಗಿನಿಂದ ಆ ಈಸಿಚೇರು ಸಾಹುಕಾರರದ್ದು.

“ಏನಿದು ಅನಾಹುತ! ಅತಿಥಿಗಳ ಕೈಲಿ ಪಾತ್ರೆ ತೊಳೆಸೋದಾ?”

“ಅತಿಥಿಗಳೇನೂ ಅಲ್ಲ, ಬಹುಮತ,” ಎಂದಳು ಹೆಂಡತಿ.

ಟೈಲರಮ್ಮ ಒಂದು ತಟ್ಟೆಯನ್ನು ಅವರ ಮುಂದೆ ಸರಿಸಿದರು. “ನಿಮ್ಮ ಪಾಲಿಗೆ ಈರುಳ್ಳಿ ಉಳಿದಿದೆ ಸಾಹುಕಾರ್ರೇ.”

ಸಾಹುಕಾರರ ಸ್ವಾಭಿಮಾನ ಹೆಡೆ ಎತ್ತಿತು. “ನಾನಾ? ಇನ್ನು ಮೂರು ದಿನಕ್ಕೆ ಅಧ್ಯಕ್ಷನಾಗೋನು ಈರುಳ್ಳಿ ಹೆಚ್ಚೋದಾ? ನಾನು ಯಾರಿಗೂ ಜಗ್ಗೋನಲ್ಲ! ಇದು ನನ್ನ ಆತ್ಮಗೌರವದ ಪ್ರಶ್ನೆ!”

“ಸರಿ,” ಎಂದರು ಟೈಲರಮ್ಮ. “ಹಾಗಿದ್ರೆ ರಾತ್ರಿಗೆ ಅದನ್ನೇ ಊಟ ಮಾಡಿ.”

ಸಾಹುಕಾರರು ಎದೆ ಸೆಟೆಸಿ ಹೊರಜಗಲಿಯಲ್ಲಿ ಕೂತರು. ಒಳಗಿನಿಂದ ಬ್ರೆಡ್ಡಿನ ಪರಿಮಳ ಬಂತು. ಪಲ್ಯಕ್ಕೆ ಒಗ್ಗರಣೆ ಬಿದ್ದ ಸದ್ದು ಬಂತು. ಎಲ್ಲರೂ ಒಟ್ಟಿಗೆ ನಕ್ಕ ಸದ್ದೂ ಬಂತು. ಆತ್ಮಗೌರವ ಹೊಟ್ಟೆಯೊಳಗಿನಿಂದ ಗುರ್ರೆಂದಿತು. ಸ್ವಲ್ಪ ಹೊತ್ತಿನ ಮೇಲೆ ಸಾಹುಕಾರರು ಒಳಗೆ ಬಂದು, ಯಾರ ಮುಖವನ್ನೂ ನೋಡದೆ, ತಟ್ಟೆಯನ್ನು ಎಳೆದುಕೊಂಡು ಈರುಳ್ಳಿ ಹೆಚ್ಚಿದರು. ಕಣ್ಣಿನಿಂದ ಧಾರಾಕಾರವಾಗಿ ನೀರಿಳಿಯಿತು. “ಇದು ಈರುಳ್ಳಿಯ ನೀರು. ಸೋತ ನೀರಲ್ಲ,” ಎಂದು ಅವರು ಸಭೆಗೆ ಸ್ಪಷ್ಟಪಡಿಸಿದರು.

ಆ ರಾತ್ರಿ ಎಲ್ಲರೂ ಚೆನ್ನಾಗಿ ನಿದ್ದೆ ಮಾಡಿದರು. ಮಾರನೆಯ ದಿನದಿಂದ ಮನೆಯಲ್ಲಿ ಏನೇ ಬಂದರೂ “ಟೈಲರಮ್ಮನ್ನ ಕೇಳಿ” ಎನ್ನುವುದು ರೂಢಿಯಾಯಿತು. ಫ್ಯಾನು ಎಷ್ಟರಲ್ಲಿರಬೇಕು, ಟೈಲರಮ್ಮನ್ನ ಕೇಳಿ. ಪೇಪರಿನ ಯಾವ ಪುಟ ಯಾರಿಗೆ ಮೊದಲು, ಟೈಲರಮ್ಮನ್ನ ಕೇಳಿ. ಸಾಹುಕಾರರ ಕಿವಿಗೂ ಇದು ಬಿದ್ದಿತ್ತು, ಆದರೆ ಕಿವಿಯಿಂದ ಮುಂದಕ್ಕೆ ಹೋಗಿರಲಿಲ್ಲ. ಅವರು ಕನ್ನಡಿಯ ಮುಂದೆ ನಿಂತು ಸ್ವೀಕಾರ ಭಾಷಣದ ಅಭ್ಯಾಸದಲ್ಲಿದ್ದರು.

ಹೆಂಡತಿ ಅವರ ಅಂಗಿಗೆ ಇಸ್ತ್ರಿ ಮಾಡುತ್ತ ಕೇಳಿದಳು: “ರೀ, ಒಂದು ಮಾತು. ನಿಮ್ಮನ್ನ ಅಧ್ಯಕ್ಷ ಮಾಡೋಕೆ ಅವರಿಗೆ ಒಪ್ಪಿಗೆ ಇದೆಯಾ ಅಂತ ಯಾವತ್ತಾದ್ರೂ ಕೇಳಿದ್ದೀರಾ?”

“ಕೇಳೋದೇನು? ನನ್ನ ಹಾಸಿಗೆ ಮೇಲೆ ಮಲಗಿದ್ದಾರೆ, ನನ್ನ ಮನೇಲಿ ಉಂಡಿದ್ದಾರೆ. ಇನ್ನು ಒಪ್ಪಿಗೆ ಬೇರೆ ಕೇಳ್ಬೇಕಾ?”

“ಹಾಸಿಗೆ ನಿಮ್ಮದು. ಅಡುಗೆ ಅವರೇ ಮಾಡ್ಕೊಂಡಿದ್ದು. ಒಂದು ಸಲ ಕೂತು ಕೇಳಿ. ಈಗಲೇ.”

“ಲೇ, ರಾಜಕೀಯ ನಿನಗೆ ಗೊತ್ತಾಗಲ್ಲ,” ಎಂದರು ಸಾಹುಕಾರರು, ಕನ್ನಡಿಯಲ್ಲಿದ್ದ ಅಧ್ಯಕ್ಷರ ಕಡೆ ತಿರುಗಿ. ಆಕೆ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಮತ್ತೆ ಆ ಮಾತೆತ್ತಲಿಲ್ಲ.

ಆಯ್ಕೆಯ ದಿನ ಐವರೂ ಒಂದೇ ವ್ಯಾನಿನಲ್ಲಿ ಪುರಸಭೆಗೆ ಬಂದರು. ಸಭಾಂಗಣದ ಎಡಕ್ಕೆ ದೊರೆಯ ನಾಲ್ವರು, ಬಲಕ್ಕೆ ಸಾಹುಕಾರರ ಐವರು, ನಡುವೆ ಚುನಾವಣಾಧಿಕಾರಿ. ದೊರೆಯ ಕಡೆಯವನೊಬ್ಬ ಎದ್ದು ದೊರೆಯ ಹೆಸರು ಸೂಚಿಸಿದ. ಈ ಕಡೆಯಿಂದ ಮೇಷ್ಟ್ರು ಎದ್ದರು. ಸಾಹುಕಾರರು ಅಂಗಿಯ ತೋಳು ಸರಿಮಾಡಿಕೊಂಡು, ಮುಖಕ್ಕೆ ತಕ್ಕಷ್ಟು ವಿನಯ ತಂದುಕೊಂಡು, ಕುರ್ಚಿಯಿಂದ ಅರ್ಧ ಎದ್ದರು.

“ನಮ್ಮ ಅಭ್ಯರ್ಥಿ,” ಎಂದರು ಮೇಷ್ಟ್ರು, ತರಗತಿಗೆ ಕೇಳುವ ದನಿಯಲ್ಲಿ, “ಟೈಲರಮ್ಮ.”

“ನಾನೂ ಅದೇ,” ಎಂದರು ಬೇಕರಿಯವರು. ಅವರ ಮಟ್ಟಿಗೆ ಅದು ದೀರ್ಘ ಭಾಷಣ.

ಸಾಹುಕಾರರು ಅರ್ಧ ಎದ್ದವರು ಅರ್ಧದಲ್ಲೇ ಉಳಿದರು. ಕೂತರೆ ಸೋತ ಹಾಗೆ, ನಿಂತರೆ ಏನು ಹೇಳಬೇಕೋ ಗೊತ್ತಿಲ್ಲ. ಗಂಟಲಲ್ಲಿ ಸ್ವೀಕಾರ ಭಾಷಣ ಸಿಕ್ಕಿಕೊಂಡಿತು. ಮೂವರು ಗಂಡಸರೂ ತಮ್ಮ ತಮ್ಮ ಚಪ್ಪಲಿ ನೋಡಿಕೊಳ್ಳುತ್ತಿದ್ದರು. ಟೈಲರಮ್ಮ ಒಬ್ಬರೇ ತಲೆ ಎತ್ತಿ ಅವರನ್ನು ನೆಟ್ಟಗೆ ನೋಡಿದರು.

“ಇನ್ನು ಯಾರದಾದರೂ ಹೆಸರಿದೆಯೆ?” ಎಂದು ಅಧಿಕಾರಿ ಕೇಳಿದರು.

ಆಗ ದೊರೆ ತನ್ನ ಜಾಗ ಬಿಟ್ಟು ಎದ್ದುಬಂದು ಸಾಹುಕಾರರ ಪಕ್ಕ ಬಗ್ಗಿದ. ದನಿಯಲ್ಲಿ ಜೇನು. “ನೋಡಿದ್ರಾ ಸಾಹುಕಾರ್ರೇ? ಉಂಡು, ಮಲಗಿ, ಕೈ ಕೊಟ್ರು. ನಾನು ಹಿಂದೆ ಸರೀತೀನಿ. ನಿಮ್ಮ ಹೆಸರು ನಾವೇ ಹೇಳ್ತೀವಿ. ನಮ್ಮ ನಾಲ್ಕು ಕೈ, ನಿಮ್ಮದೊಂದು. ಇನ್ನೈದು ನಿಮಿಷಕ್ಕೆ ಆ ಕುರ್ಚಿ ನಿಮ್ಮದು.”

ಕುರ್ಚಿ ಎದುರಿಗೇ ಇತ್ತು. ಎತ್ತರದ ಬೆನ್ನು, ಕೆಂಪು ಮೆತ್ತೆ. (ಮೆತ್ತೆಯ ಮಾಲು ಎರಡನೇ ದರ್ಜೆಯದೆಂದು ಸಾಹುಕಾರರ ಕಣ್ಣು ಆ ಗಳಿಗೆಯಲ್ಲೂ ಗುರುತಿಸಿತು.) ಗೋಡೆಯ ಮೇಲೆ ಅಧ್ಯಕ್ಷರ ಹೆಸರಿನ ಹಲಗೆ, ಅದರಲ್ಲಿ ಕೊನೆಯ ಸಾಲು ಖಾಲಿ. ಹೂಂ ಎಂದರೆ ಸಾಕಿತ್ತು. ತಮ್ಮ ಮನೆಯಲ್ಲೇ ಕೂತು ತಮ್ಮ ಬೆನ್ನ ಹಿಂದೆ ಗುಸುಗುಸು ಮಾಡಿದವರಿಗೆ ಅದಕ್ಕಿಂತ ಒಳ್ಳೆಯ ಪಾಠ ಇರಲಿಲ್ಲ.

ಸಾಹುಕಾರರು ಪೂರ್ತಿ ಎದ್ದು ನಿಂತರು. ದನಿ ಬೀದಿಗೆ ಕೇಳುವಷ್ಟಿತ್ತು.

“ಜಲ್ಲಿಯವರೇ! ನನ್ನ ಹತ್ರ ಹತ್ತಿ ಹಾಸಿಗೆ ಇದೆ, ನಾರಿನ ಹಾಸಿಗೆ ಇದೆ, ಸ್ಪ್ರಿಂಗ್ ಹಾಸಿಗೆ ಇದೆ. ಬೇಕಾದ್ದು ಕೇಳಿ, ಕೊಡ್ತೀನಿ. ನನ್ನ ಓಟು ಮಾತ್ರ ಮಾರಾಟಕ್ಕಿಲ್ಲ. ನಿಮ್ಮ ಕೈಯಿಂದ ಕುರ್ಚಿ ಇಸ್ಕೊಂಡು ಕೂರೋದಕ್ಕಿಂತ ನಾನು ಸಾಯೋವರೆಗೂ ನಿಂತೇ ಇರ್ತೀನಿ!”

ಅಧಿಕಾರಿ ಟೈಲರಮ್ಮನ ಹೆಸರು ಕೂಗಿದಾಗ ನಾಲ್ಕು ಕೈ ಮೇಲೆದ್ದವು. ಅವೆಲ್ಲಕ್ಕಿಂತ ಮೇಲೆ, ಬುಡದಿಂದ ಕಿತ್ತು ನೆಟ್ಟ ಹಾಗೆ, ಸಾಹುಕಾರರ ಕೈ ಎದ್ದಿತು. ಆವೇಶ ತಡೆಯಲಾರದೆ ಇನ್ನೊಂದು ಕೈಯನ್ನೂ ಎತ್ತಿದರು.

“ಒಂದು ಕೈ ಸಾಕು,” ಎಂದರು ಅಧಿಕಾರಿ.

ಹೊರಗೆ ಬಂದ ಮೇಲೆ ಸಾಹುಕಾರರು ಕಾರಿಡಾರಿನ ಕೊನೆಯಲ್ಲಿ ಒಬ್ಬರೇ ನಿಂತಿದ್ದರು. ಹೊಸ ಅಧ್ಯಕ್ಷರು ಜನರನ್ನು ಬಿಡಿಸಿಕೊಂಡು ಅಲ್ಲಿಗೆ ಬಂದರು.

“ನನಗೆ ಒಂದು ಮಾತು ಹೇಳಬಾರದಿತ್ತಾ ತಾಯಿ?” ಎಂದರು ಸಾಹುಕಾರರು. ಈ ಸಲ ದನಿಯಲ್ಲಿ ಭಾಷಣವಿರಲಿಲ್ಲ.

“ಹೇಳೋಕೆ ಬಂದ್ವಿ ಅಣ್ಣಾ. ಮೊದಲ ದಿನ ಮೇಷ್ಟ್ರು ಬಂದ್ರು, ಎರಡನೇ ದಿನ ನಾನು ಬಂದೆ. ನೀವು ಮಾತು ನಿಲ್ಲಿಸ್ಲೇ ಇಲ್ಲ.”

“ನಾನು ಆ ಕಡೆ ಹೋಗಿದ್ದಿದ್ರೆ?”

“ಅದಕ್ಕೇ ಮೇಷ್ಟ್ರು ಹೆದರಿದ್ರು. ಅಕ್ಕನ್ನ ಕೇಳಿದ್ವಿ. ‘ಕೂಗಾಡ್ತಾರೆ, ಮುಖ ಊದಿಸ್ಕೋತಾರೆ. ಆದ್ರೆ ದೊರೆ ಕಡೆಗೆ ಹೋಗೋ ಜಾತಿ ಅಲ್ಲ, ಅದಕ್ಕೆ ನಾನು ಜವಾಬ್ದಾರಿ’ ಅಂದ್ರು. ಆ ಮಾತಿನ ಧೈರ್ಯದ ಮೇಲೇ ನಿಂತಿದ್ದು ನಾನು.”

ಸಾಹುಕಾರರಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಬೇರೆ ಏನೋ. ಅದನ್ನು ಮುಚ್ಚಿಕೊಳ್ಳಲು ಅವರು ಜೋರಾಗಿ ಮೂಗು ಒರೆಸಿಕೊಂಡು, “ಸರಿ, ಸರಿ. ಆ ಕುರ್ಚಿ ಮೆತ್ತೆ ಮೊದಲು ಬದಲಾಯಿಸಿ. ಎರಡನೇ ದರ್ಜೆ ಮಾಲು,” ಎಂದರು.

ಮನೆಗೆ ಬರುವಷ್ಟರಲ್ಲಿ ಅವರು ಮತ್ತೆ ಮೊದಲಿನ ಸಾಹುಕಾರರಾಗಿದ್ದರು. ಹೆಂಡತಿಗೆ ತಮ್ಮ ಸಿಂಹಗರ್ಜನೆಯನ್ನು ಅಭಿನಯಸಹಿತ ತೋರಿಸಬೇಕೆಂದು ಬಾಗಿಲು ತಳ್ಳಿದರೆ, ಆಕೆ ಚೀಲ ಹಿಡಿದು ಹೊರಡಲು ನಿಂತಿದ್ದಾಳೆ.

“ಎಲ್ಲಿಗೆ?”

“ಅಧ್ಯಕ್ಷರ ಮನೆಗೆ. ನಾಲ್ಕು ದಿನ ಇದ್ದು ಬಾ ಅಕ್ಕ ಅಂದಿದ್ದಾಳೆ. ಪಾಪ, ಬೆಳಗಾದ್ರೆ ಜನ ಬರ್ತಾರೆ, ಮಾತಾಡಿಸೋಕೆ ಒಬ್ಬರು ಬೇಡ್ವಾ? ನಾಲ್ಕು ದಿನ ನಾವು ಅವರನ್ನ ಇಟ್ಕೊಂಡ್ವಿ, ನಾಲ್ಕು ದಿನ ಅವರು ನನ್ನನ್ನ ಇಟ್ಕೋತಾರೆ.”

“ನನ್ನನ್ನ ಒಂದು ಮಾತು ಕೇಳಿದ್ಯಾ?”

“ಈಗ ಹೇಳ್ತಿದೀನಲ್ಲ,” ಎಂದು ಆಕೆ ಚಪ್ಪಲಿ ಮೆಟ್ಟಿದಳು. ಹೊಸ್ತಿಲು ದಾಟಿ, ನಿಂತು, ತಿರುಗಿ, ಸ್ವಲ್ಪ ಮೆಲ್ಲಗೆ, “ಚೆನ್ನಾಗಿ ಮಾತಾಡಿದ್ರಂತೆ. ಮೇಷ್ಟ್ರು ಹೇಳಿದ್ರು,” ಎಂದಳು. “ಬಹುಮತ ಬಳಸಿದ ಚಾದರ, ಟವೆಲು, ದಿಂಬಿನ ಕವರು ಎಲ್ಲ ಹಿತ್ತಲಲ್ಲಿ ನೆನೆಹಾಕಿದ್ದೀನಿ. ಒಗೆದುಬಿಡಿ.”

ಮಾರನೆಯ ಬೆಳಿಗ್ಗೆ ಸಾಹುಕಾರರು ಲುಂಗಿ ಮೇಲೆ ಕಟ್ಟಿ ಹಿತ್ತಲಿನ ಕಲ್ಲಿನ ಮುಂದೆ ನಿಂತರು. ಬೇಕರಿಯವರು ಹೊದ್ದ ಚಾದರ ಒಂದು ಡೇರೆಯಷ್ಟಿತ್ತು. ಅದನ್ನು ಎತ್ತಿ ಎತ್ತಿ ಬಡಿಯುತ್ತಿರುವಾಗ ಹಿಂಬದಿಯ ರಸ್ತೆಯಲ್ಲಿ ಜೀಪು ನಿಂತ ಸದ್ದಾಯಿತು. ಮೋಟುಗೋಡೆಯ ಆಚೆ ದೊರೆಯ ಮುಖ ಮೂಡಿತು.

“ಏನ್ ಸಾಹುಕಾರ್ರೇ! ಅಧ್ಯಕ್ಷ ಆಗ್ತೀನಿ ಅಂದ್ರಿ, ಬಟ್ಟೆ ಒಗೀತಿದೀರಾ?”

ಸಾಹುಕಾರರು ಚಾದರವನ್ನು ತಲೆಯ ಮೇಲೆ ಗಿರ್ರನೆ ತಿರುಗಿಸಿ ಕಲ್ಲಿಗೆ ಅಪ್ಪಳಿಸಿದರು. ನೊರೆ ದೊರೆಯ ಮೀಸೆಯವರೆಗೂ ಹಾರಿತು.

“ಹೌದ್ರೀ, ಒಗೀತಿದೀನಿ! ಇವತ್ತು ಚಾದರ. ನಾಳೆ ಸಭೆ ಇದೆ, ಬನ್ನಿ. ಐದೂ ಜನ ಸೇರಿ ನಿಮ್ಮನ್ನ ಒಗೀತೀವಿ!”

ದೊರೆ ಮೀಸೆ ಒರೆಸಿಕೊಂಡು ಜೀಪು ಹತ್ತಿದ. ಇಷ್ಟು ಒಳ್ಳೆಯ ಮಾತು ತಮ್ಮ ಬಾಯಿಂದ ಎಂದೂ ಬಂದಿರಲಿಲ್ಲವೆಂದು ಸಾಹುಕಾರರಿಗೆ ಅನ್ನಿಸಿತು. ಕೇಳುವುದಕ್ಕೆ ಒಬ್ಬರೂ ಇಲ್ಲವಲ್ಲ ಎಂದೂ ಅನ್ನಿಸಿತು. ವಿಜಯದ ಹುರುಪಿನಲ್ಲಿ ಚಾದರ ಜಾಲಾಡಲೆಂದು ನಲ್ಲಿ ತಿರುಗಿಸಿದರು. ನಲ್ಲಿ ಒಮ್ಮೆ ಕೆಮ್ಮಿತು, ಎರಡು ಹನಿ ಉಗುಳಿತು, ಸುಮ್ಮನಾಯಿತು.

ಮೊಣಕೈವರೆಗೆ ಸೋಪಿನ ನೊರೆ. ಸಾಹುಕಾರರು ಕಿರುಬೆರಳಿನಲ್ಲಿ ಮೊಬೈಲು ಒತ್ತಿ ಅಧ್ಯಕ್ಷರ ಮನೆಗೆ ಫೋನ್ ಮಾಡಿದರು.

“ಹಲೋ, ಪುರಸಭೆ ಅಧ್ಯಕ್ಷರ ಮನೆ,” ಎಂದಿತು ದನಿ. ಚೆನ್ನಾಗಿ ಪರಿಚಯವಿದ್ದ ದನಿ.

“ಲೇ, ನಾನು ಕಣೇ!”

“ಫೋನ್ ಮಾಡಿದೋರೆಲ್ಲ ನಾನೇ ಅಂತಾರೆ. ಯಾವ ವಾರ್ಡು?”

“ನಿನ್ನ ಗಂಡ!”

“ಅದು ಗೊತ್ತಾಯ್ತು. ದೂರೇನು ಹೇಳಿ.”

“ನಲ್ಲಿ ನಿಂತುಹೋಗಿದೆ. ಮೈಯೆಲ್ಲ ಸೋಪು. ಅಧ್ಯಕ್ಷರಿಗೆ ಕೊಡು ಫೋನು.”

“ಅಧ್ಯಕ್ಷರ ಮುಂದೆ ಬಾಗಿಲವರೆಗೂ ಜನ ಕೂತಿದ್ದಾರೆ. ನಿಮ್ಮದು ಕೊನೇಲಿ.”

“ನಾನು ಆಡಳಿತ ಪಕ್ಷದ ಮೆಂಬರು!”

“ಹಾಗಾದ್ರೆ ಇನ್ನೂ ಸುಲಭ ಆಯ್ತು. ಯಾವ ವಾರ್ಡಿನ ನೀರು ಆ ವಾರ್ಡಿನ ಮೆಂಬರೇ ನೋಡ್ಕೋಬೇಕು ಅಂತ ಈಗಷ್ಟೇ ತೀರ್ಮಾನ ಆಗಿದೆ. ನಿಮ್ಮ ವಾರ್ಡಿನ ಮೆಂಬರು ಯಾರು ಗೊತ್ತಲ್ಲ? ಬೀದಿ ಕೊನೇಲಿ ಬೋರಿನ ಪಂಪಿದೆ. ಬಿಂದಿಗೆ ತಗೊಂಡು ಹೋಗಿ. ಹಾಗೇ ಜನರ ಕಷ್ಟಾನೂ ಕೇಳಿದ ಹಾಗಾಗುತ್ತೆ,” ಎಂದು ಆಕೆ ಫೋನಿಟ್ಟಳು.

ಸಾಹುಕಾರರು ಬಿಂದಿಗೆ ಹಿಡಿದು ಬೀದಿಗಿಳಿದರು. ಪಂಪಿನ ಮುಂದೆ ಆಗಲೇ ಕೊಡಗಳ ಉದ್ದ ಸಾಲಿತ್ತು. ಮೆಂಬರನ್ನು ಕಂಡದ್ದೇ ತಡ, ಕೊಡ ಹಿಡಿದ ಹೆಂಗಸರೆಲ್ಲ ಒಮ್ಮೆಗೇ ಇವರ ಕಡೆ ತಿರುಗಿದರು. “ಬಂದ್ರಾ ಸಾಹುಕಾರ್ರೇ! ಬನ್ನಿ, ನಿಮ್ಮನ್ನೇ ಕಾಯ್ತಿದ್ವಿ,” ಎಂದು ಎಲ್ಲಕ್ಕಿಂತ ಮುಂದಿದ್ದ ಹೆಂಗಸು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಓಡಿಹೋಗುವುದಕ್ಕೆ ಹಿಂದೆ ದಾರಿ ಇತ್ತು. ಆದರೆ ಸಾಹುಕಾರರು ಓಡುವವರಲ್ಲ. ನೊರೆ ತೊಟ್ಟಿಕ್ಕುವ ಕೈಯಲ್ಲಿ ಬಿಂದಿಗೆಯನ್ನು ಗಟ್ಟಿಯಾಗಿ ಅಪ್ಪಿಕೊಂಡು, ತಲೆ ಎತ್ತಿ, ದೃಢವಾದ ಹೆಜ್ಜೆಯಿಟ್ಟು ಮುಂದೆ ನಡೆದು, ಸಾಲಿನ ಕೊನೆಯಲ್ಲಿ ನಿಂತರು.